ಹದಿನೇಳನೇ ಸಾಲಿನ ಬಣ್ಣ

ಮಾರ್ಚ್ ೪

ಪುಟ್ಟೂ,

ಕ್ಷೇಮ ಸಮಾಚಾರ ಕೊನೆಗೆ ಬರೆಯುತ್ತೇನೆ, ಮೊದಲು ಗೋಳು. ಹೊಸ ಉಪಗ್ರಹ ಮತ್ತೆ ಮುಂದಕ್ಕೆ ಹೋಯಿತು. ಈ ಸಲ ಏಳು ತಿಂಗಳು. ಕ್ಯಾಮೆರಾ ತಿರುಗಿಸುವ ಬೇರಿಂಗ್ ಒಂದು ಪರೀಕ್ಷೆಯಲ್ಲಿ ಬಿಗಿದುಕೊಂಡಿತಂತೆ. ಸಭೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಒಬ್ಬರು ಆಕಳಿಸಿದರು ಕೂಡ.

ನಾನು ಇಲ್ಲಿ ಏನು ಕೆಲಸ ಮಾಡುತ್ತೇನೆ ಎಂದು ನಿನ್ನ ಹೆಂಡತಿ ಹೋದ ಸಲ ಕೇಳಿದಳಲ್ಲ, ಹೀಗೆ ಹೇಳು: ಸರ್ಕಾರದ ಹವಾಮಾನ ಉಪಗ್ರಹಗಳಿಗೆ ಏನೇನು ಕೆಡುಕಾಗಬಹುದು ಎಂದು ಪಟ್ಟಿ ಬರೆಯುವವಳು. ಈಗ ನಲವತ್ತಮೂರು ಸಾಲುಗಳಾಗಿವೆ. ಒಂದೊಂದಕ್ಕೂ ಪ್ರತಿ ತಿಂಗಳು ಹಸಿರು, ಹಳದಿ, ಕೆಂಪು, ಯಾವುದಾದರೂ ಒಂದು ಬಣ್ಣ ಹಚ್ಚಿ ಸಹಿ ಹಾಕಬೇಕು. ನನ್ನ ಪ್ರಾಣ ಹಿಂಡುವುದು ಹದಿನೇಳನೇ ಸಾಲು: ಹೊಸದು ಮೇಲೇರುವ ಮೊದಲೇ ಹಳೆಯದು ಕೆಟ್ಟುಹೋಗುವುದು. ಏಳು ವರ್ಷ ಬಾಳಲಿ ಎಂದು ಕಳಿಸಿದ ಹಳೆಯದಕ್ಕೆ ಈಗ ಹನ್ನೊಂದನೇ ವರ್ಷ ನಡೆಯುತ್ತಿದೆ.

ಆ ಸಾಲು ಕೆಂಪಾದರೆ ಬೇರೆಡೆ ನಿಲ್ಲಿಸಿಟ್ಟಿರುವ ಮೀಸಲು ಉಪಗ್ರಹವನ್ನು ನಿಮ್ಮ ಸಮುದ್ರದ ಮೇಲಕ್ಕೆ ಸರಿಸಬೇಕು. ಅದು ಸರಿದು ಬರಲು ಮೂವತ್ತೈದು ದಿನ. ಇಂಧನ ಅರ್ಧ ಮುಗಿಯುತ್ತದೆ, ಮೇಲಿನವರು ಕಾರಣ ಕೇಳುತ್ತಾರೆ. ನಿರ್ದೇಶಕರು ಕನ್ನಡಕದ ಮೇಲಿಂದ ನೋಡಿ, ‘ಏನಮ್ಮಾ, ಕೆಂಪಾ?’ ಅಂದರು. ಹಳದಿ ಅಂದೆ. ಧೈರ್ಯ ಎಲ್ಲಿಂದ ಬಂತು ಗೊತ್ತೇ? ನಿಮ್ಮಿಂದ. ಕರಾವಳಿಯ ನಿಮ್ಮ ಹನ್ನೊಂದು ಹವಾಮಾನ ಕಚೇರಿಗಳೂ ಬಳಕೆಗೆ ಬಂದ ಚಿತ್ರ ನೂರಕ್ಕೆ ನೂರು ಎಂದು ವರದಿ ಕಳಿಸಿವೆ. ಚಿತ್ರ ಕಳಿಸಿದ್ದಷ್ಟೇ ನಮಗಿಲ್ಲಿ ಗೊತ್ತು. ಅದು ಕೆಲಸಕ್ಕೆ ಬಂತೋ ಇಲ್ಲವೋ ಎಂದು ಹೇಳಬೇಕಾದವರು ನೀವೇ. ನಿನ್ನ ವರದಿಯಂತೂ ಎಲ್ಲರದಕ್ಕಿಂತ ಅಚ್ಚುಕಟ್ಟು.

ಕ್ಷೇಮ: ಲಿಫ್ಟ್ ಕೆಟ್ಟಿದೆ, ಆರು ಮಹಡಿ ಹತ್ತುತ್ತಿದ್ದೇನೆ. ನಿನ್ನ ಭಾವ ರಿಟೈರ್ ಆದಮೇಲೆ ಪದಬಂಧ ಹಿಡಿದು ಕೂತು ನನ್ನ ತಲೆ ತಿನ್ನುತ್ತಾರೆ. ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೆ ಕಚ್ಚಾಡುತ್ತೇವೆ, ಕಾಗದದಲ್ಲಾದರೆ ಹೇಗೋ ಮನುಷ್ಯರಾಗಿರುತ್ತೇವೆ.

ಅಕ್ಕ


ಮಾರ್ಚ್ ೧೯

ಅಕ್ಕಾ,

ಐವತ್ತೆರಡು ವರ್ಷದವನಿಗೆ ಲಕೋಟೆಯ ಮೇಲೂ ಪುಟ್ಟು ಎಂದು ಬರೆದಿದ್ದೀಯಲ್ಲ! ಅಂಚೆಯವನು ಮೇಲೆ ಬಂದು, ‘ಪುಟ್ಟು ಅಂದ್ರೆ ಯಾರು ಸಾರ್ ಇಲ್ಲಿ?’ ಅಂತ ಕೇಳಿದ. ಇಬ್ಬರು ಗುಮಾಸ್ತರ ಎದುರಿಗೆ ಕೈ ಎತ್ತಬೇಕಾಯಿತು. ನನ್ನ ಮರ್ಯಾದೆ ಅಲ್ಲಿಗೇ ಮುಗಿಯಿತು.

ಇಲ್ಲಿ ಎಲ್ಲ ಹಾಗೇ ಇದೆ. ಕೆಳಗೆ ಐಸ್ ಫ್ಯಾಕ್ಟರಿ, ಮೇಲೆ ನಮ್ಮ ಎರಡು ರೂಮು. ಐಸ್ ಒಡೆಯುವ ಯಂತ್ರ ಶುರುವಾದರೆ ಮೇಜು ನಡುಗಿ ಅಕ್ಷರ ಸೊಟ್ಟಗಾಗುತ್ತದೆ, ಈ ಕಾಗದದಲ್ಲೇ ನೋಡು. ಬೆಳಿಗ್ಗೆ ಐದೂವರೆಗೆ ಚಿತ್ರ ನೋಡಿ, ಆರಕ್ಕೆ ಜೆಟ್ಟಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗಾಳಿ ಎಷ್ಟು, ಅಲೆ ಎಷ್ಟು ಎಂದು ಬರೆಯುತ್ತೇನೆ. ಅದನ್ನು ಯಾರೂ ಓದುವುದಿಲ್ಲ. ಇಲ್ಲೊಬ್ಬರು ದೋಣಿಯವರಿದ್ದಾರೆ, ಇರುವುದು ಒಂದೇ ದೋಣಿಯಾದರೂ ಊರೆಲ್ಲ ಕಮಾಂಡರ್ ಎನ್ನುತ್ತದೆ. ಅವರು ಕೆಳಗೆ ನಿಂತು, ‘ಸಾರ್, ಹೋಗ್ಲಾ, ಬೇಡ್ವಾ? ಒಂದೇ ಮಾತಲ್ಲಿ ಹೇಳಿ!’ ಎಂದು ಕೂಗುತ್ತಾರೆ. ನಾನು ಹೂಂ ಅಂದರೆ ಇಡೀ ಬಂದರು ಹೊರಡುತ್ತದೆ. ಉತ್ತರದ ಬಂದರಿನ ಕಚೇರಿ ಮುಚ್ಚಿಸಿದ ಮೇಲೆ ಅಲ್ಲಿಯವರೂ ಫೋನ್ ಮಾಡಿ ನನ್ನನ್ನೇ ಕೇಳುತ್ತಾರೆ.

ಚಿತ್ರಗಳು ಈಚೆಗೆ ಸ್ವಲ್ಪ ಅಲುಗಿದ ಹಾಗೆ ಬರುತ್ತಿವೆ. ನಿಮಗೆ ಗೊತ್ತೇ ಇರಬೇಕು. ದೊಡ್ಡ ವಿಷಯವೇನಲ್ಲ, ಹೇಗೋ ಸುಧಾರಿಸಿಕೊಂಡು ಹೋಗುತ್ತಿದ್ದೇನೆ. ಆದರೂ ಜುಲೈ ಕೊನೆಗೆ ಬಿರುಗಾಳಿಯ ಕಾಲ ಶುರುವಾಗುತ್ತದೆ, ಅಷ್ಟರೊಳಗೆ ಏನಾದರೂ ಮಾಡಿ.

ಭಾವನವರಿಗೆ ಹೇಳು, ಪದ ಸಿಗದಿದ್ದರೆ ನನಗೆ ಬರೆಯಲಿ.

ಪುಟ್ಟು (ಬೇರೆ ದಾರಿಯಿಲ್ಲ)


ಏಪ್ರಿಲ್ ೨೨

ಪುಟ್ಟೂ,

ಉತ್ತರ ತಡವಾಯಿತು, ಬೈಯಬೇಡ. ಹೊಸದು ಇನ್ನೂ ನಾಲ್ಕು ತಿಂಗಳು ಮುಂದಕ್ಕೆ ಹೋಗಿದೆ. ಅದು ಎಷ್ಟು ಮುಂದೆ ಹೋಗುತ್ತದೋ ಅಷ್ಟೇ ತಿಂಗಳು ನಾನು ಹಳೆಯದರ ಆಯುಸ್ಸು ಹೆಚ್ಚಿಸಿ ಬರೆಯುತ್ತೇನೆ. ಇದು ಮೂರನೇ ಸಲ. ಯಾವ ಡಾಕ್ಟರಿಗೂ ಇಲ್ಲದ ಅಧಿಕಾರ ನನ್ನ ಪೆನ್ನಿಗಿದೆ, ನೋಡು.

ನಮ್ಮಲ್ಲಿ ಹಳೆಯ ಎಂಜಿನಿಯರ್ ಒಬ್ಬರಿದ್ದಾರೆ, ಎಲ್ಲರೂ ಲೆಕ್ಕದ ಮೇಷ್ಟ್ರು ಅಂತೀವಿ. ಉಪಗ್ರಹ ಅಲುಗದಂತೆ ಹಿಡಿಯುವ ಚಕ್ರಗಳು ನಾಲ್ಕಿದ್ದವು, ಎರಡು ನಿಂತಿವೆ, ಮೂರನೆಯದು ತಡವರಿಸುತ್ತಿದೆ ಎಂದು ಅವರು ಸಭೆಯಲ್ಲಿ ಹಟ ಹಿಡಿದರು. ‘ಕೆಂಪು ಮಾಡಿ ಮೇಡಂ, ಕೈ ಮುಗೀತೀನಿ’ ಅಂದರು. ನಿರ್ದೇಶಕರು ನಿಧಾನವಾಗಿ, ‘ಮಾಡೋಣ, ಬೇಡ ಅಂದವರ್ಯಾರು? ಚಿತ್ರ ಹಾಳಾಗ್ತಿದೆ ಅನ್ನೋಕೆ ಒಂದು ಕಾಗದ ತೋರಿಸಿ’ ಅಂದರು. ನಾನು ನಿಮ್ಮ ಹನ್ನೊಂದು ವರದಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ನೂರು, ನೂರು, ನೂರು. ಮೇಷ್ಟ್ರು ತಮ್ಮ ಫೈಲು ಮುಚ್ಚಿದರು. ಅಂದಿನಿಂದ ಊಟದ ಡಬ್ಬಿ ತೆಗೆದುಕೊಂಡು ಬೇರೆ ಮೇಜಿಗೆ ಹೋಗಿ ಕೂರುತ್ತಾರೆ. ಹದಿನಾರು ವರ್ಷ ಜೊತೆಗೆ ಊಟ ಮಾಡಿದ್ದೆವು.

ನಿನ್ನ ಚಿತ್ರ ಅಲುಗುವುದು ಕೆಳಗಿನ ಐಸ್ ಯಂತ್ರದಿಂದಲೇ. ಮಾಳಿಗೆಯ ಡಿಶ್‌ನ ಕಾಲಿಗೆ ದಪ್ಪ ರಬ್ಬರ್ ಹಾಕಿಸು. ಇಂಥ ಸಣ್ಣ ರಿಪೇರಿಗೆಲ್ಲ ನನ್ನನ್ನು ಕಾಯಬೇಡ ಮಾರಾಯ.

ಅಕ್ಕ


ಮೇ ೬

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀವು ಆ ನೂರನ್ನು ನಿಜವಾಗಿಯೂ ನಂಬುತ್ತೀರಾ?

ಐಸ್ ಯಂತ್ರವಲ್ಲ ಅಕ್ಕ. ಯಂತ್ರ ನಿಂತಾಗಲೂ ಚಿತ್ರ ಅಲುಗಿಯೇ ಬರುತ್ತದೆ. ಕೆಲವು ಅರ್ಧ ಬರುತ್ತವೆ. ಕೆಲವುಗಳಲ್ಲಿ ಮೋಡ ಯಾವುದು, ತೀರ ಯಾವುದು ಎಂದೇ ತಿಳಿಯುವುದಿಲ್ಲ. ಹೋದ ನವೆಂಬರಿನಲ್ಲಿ ನಾನು ‘ಆರು ಚಿತ್ರ ಬಳಕೆಗೆ ಬರಲಿಲ್ಲ’ ಎಂದು ಬರೆದಿದ್ದೆ. ವಲಯ ಕಚೇರಿಯಿಂದ ಮೆಮೊ ಬಂತು: ದೋಷ ನಿಮ್ಮ ಡಿಶ್‌ನದು, ಮೂರು ದಿನದೊಳಗೆ ವಿವರಣೆ ಕೊಡಿ. ಕೊಟ್ಟೆ. ಇನ್ನೊಂದು ಬಂತು: ಇದು ಕೊನೆಯ ಎಚ್ಚರಿಕೆ. ಉತ್ತರದ ಬಂದರಿನವನು ನನಗಿಂತ ಹಟಮಾರಿ, ಮೂರು ತಿಂಗಳು ಇದ್ದದ್ದನ್ನು ಇದ್ದ ಹಾಗೆ ಬರೆದ. ಅವನ ಕಚೇರಿಯನ್ನೇ ಮುಚ್ಚಿದರು. ಡಿಸೆಂಬರಿನ ತರಬೇತಿಯಲ್ಲಿ ನಾವು ಹನ್ನೊಂದು ಜನ ಟೀ ಕುಡಿಯುತ್ತಾ ಒಂದು ಮಾತಿಗೆ ಬಂದೆವು: ಚಿತ್ರ ಹೇಗೇ ಬರಲಿ, ನೂರು ಅಂತಲೇ ಬರೆಯೋಣ, ಉಪಗ್ರಹ ಕೆಟ್ಟಿದ್ದರೆ ದೊಡ್ಡ ಕಚೇರಿಗೆ ತಾನಾಗಿಯೇ ಗೊತ್ತಾಗುತ್ತದಲ್ಲ. ಫಾರಂ ಓದಿ ಯಾರಾದರೂ ತೀರ್ಮಾನ ಮಾಡುತ್ತಾರೆ ಎಂದು ನಮಗೆ ಹೊಳೆಯಲೇ ಇಲ್ಲ. ಆ ಫಾರಂ ಓದುವವಳು ನೀನು ಎಂದಂತೂ ಆಗ ದೇವರಾಣೆಗೂ ಗೊತ್ತಿರಲಿಲ್ಲ. ಮಾರ್ಚಿನ ನಿನ್ನ ಕಾಗದ ಓದಿದಾಗಲೂ ಸುಮ್ಮನೆ ಹೊಗಳಿದ್ದೀಯ ಎಂದುಕೊಂಡೆ.

ನಾನು ಬೇರೆ ನೋಟುಬುಕ್ಕಿನಲ್ಲಿ ನಿಜವಾದ ಲೆಕ್ಕ ಇಟ್ಟಿದ್ದೇನೆ. ದಿನಕ್ಕೆ ಎಂಟು ಚಿತ್ರ. ಡಿಸೆಂಬರಿನಲ್ಲಿ ಹತ್ತೊಂಬತ್ತು ಕೆಟ್ಟವು, ಆಮೇಲೆ ಇಪ್ಪತ್ತನಾಲ್ಕು, ಮೂವತ್ತೆಂಟು, ಐವತ್ತೊಂದು, ಏಪ್ರಿಲಿನಲ್ಲಿ ಎಪ್ಪತ್ತೈದು. ಕೆಟ್ಟ ಕಡೆ ಹಿಂದಿನ ಚಿತ್ರ ನೋಡಿ ಮೋಡ ಎಲ್ಲಿಗೆ ಬಂದಿರಬಹುದು ಎಂದು ಪೆನ್ಸಿಲ್‌ನಲ್ಲಿ ಗೀಚಿಕೊಂಡು ಹಲಗೆ ಬರೆಯುತ್ತೇನೆ. ಇಷ್ಟು ದಿನ ತಪ್ಪಾಗಿಲ್ಲ. ಹಾಳೆಗಳನ್ನು ನಕಲು ಮಾಡಿ ಇದರೊಳಗೆ ಇಟ್ಟಿದ್ದೇನೆ. ನೀನು ಓದಲಿ ಎಂದು ಕಳಿಸಿದ್ದು ಅಕ್ಕ, ಫೈಲಿಗಲ್ಲ. ನನಗಿನ್ನೂ ಎಂಟು ವರ್ಷ ಸರ್ವೀಸಿದೆ. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ.

ಪುಟ್ಟು


ಮೇ ೧೨

ಏನು ಮಾಡಿಟ್ಟಿದ್ದೀಯೋ ಮಹಾರಾಯ!

ಆ ನೂರನ್ನು ಹಿಡಿದುಕೊಂಡು ಒಬ್ಬ ದೊಡ್ಡ ಮನುಷ್ಯನ ಬಾಯಿ ಮುಚ್ಚಿಸಿದೆನಲ್ಲ ನಾನು. ನಾಚಿಕೆಯಿಂದ ಎರಡು ದಿನ ಮೇಷ್ಟ್ರ ಮುಖ ನೋಡಲಿಲ್ಲ. ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಫೋನ್ ಮಾಡಬೇಕೆಂದು ಎರಡು ಸಲ ಎದ್ದೆ.

ಈಗ ಕೇಳು. ಬಿರುಗಾಳಿಯ ಕಾಲಕ್ಕೆ ಮೀಸಲು ಉಪಗ್ರಹ ನಿಮ್ಮ ಮೇಲಿರಬೇಕಾದರೆ ಜೂನ್ ಹದಿನೆಂಟರ ಸಭೆಯಲ್ಲಿ ಸಾಲು ಕೆಂಪಾಗಲೇಬೇಕು. ಅದೇ ಕೊನೆಯ ಗಡುವು. ಕಾಗದವಿಲ್ಲದೆ ಕೆಂಪಾಗುವುದಿಲ್ಲ. ಇರುವ ಕಾಗದ ನಿನ್ನದೊಂದೇ. ಅದನ್ನು ಕೊಟ್ಟರೆ, ಐದು ತಿಂಗಳು ಸುಳ್ಳು ವರದಿ ಬರೆದವನು ಎಂದು ಮೊದಲು ಮನೆಗೆ ಹೋಗುವವನು ನೀನು.

ಒಂದು ದಾರಿ ಯೋಚಿಸಿದ್ದೇನೆ. ಹನ್ನೊಂದು ಕಚೇರಿಗಳಿಗೂ ಹೊಸ ಸುತ್ತೋಲೆ ಕಳಿಸುತ್ತೇನೆ: ನಿಜ ಬರೆಯಿರಿ, ಯಾರ ಮೇಲೂ ಕ್ರಮ ಇಲ್ಲ. ಎಲ್ಲರೂ ಒಟ್ಟಿಗೆ ಬರೆದರೆ ಯಾರೊಬ್ಬರ ತಲೆಯ ಮೇಲೂ ಬೀಳುವುದಿಲ್ಲ. ನೀನೂ ಬರಿ. ಉಳಿದವರಿಗೂ ಹೇಳು.

ಅಕ್ಕ


ಜೂನ್ ೧

ಅಕ್ಕಾ,

ಸುತ್ತೋಲೆ ಬಂತು. ಓದಿ ಖುಷಿಯಾಯಿತು, ಕೊನೆಯ ಸಾಲಿನವರೆಗೆ. ಅಲ್ಲಿ ಎಂದಿನಂತೆ ಅಚ್ಚಾಗಿತ್ತು: ‘ನೂರಕ್ಕಿಂತ ಕಡಿಮೆಯಿದ್ದಲ್ಲಿ ಮೂರು ದಿನದೊಳಗೆ ವಿವರಣೆ ಸಲ್ಲಿಸತಕ್ಕದ್ದು.’ ನೀನು ಹಾಕಿಸಿದ್ದಲ್ಲ ಎಂದು ನನಗೆ ಗೊತ್ತು, ಟೈಪು ಮಾಡುವವರು ಹಳೆಯ ಫಾರಂ ಮೇಲೆಯೇ ಹೊಡೆದಿದ್ದಾರೆ. ಆದರೆ ಉಳಿದ ಹತ್ತು ಜನಕ್ಕೆ ಅದನ್ನು ಯಾರು ಹೇಳುವುದು? ಒಬ್ಬರಾದಮೇಲೆ ಒಬ್ಬರು ಫೋನ್ ಮಾಡಿದರು. ‘ಇದು ಬಲೆ ಕಣಯ್ಯಾ’ ಅಂದರು. ದಕ್ಷಿಣದ ದ್ವೀಪದವರು ಅಳುವುದೊಂದು ಬಾಕಿ: ‘ನೀವೊಬ್ರು ಕಡಿಮೆ ಬರೆದ್ರೆ ನಾವೆಲ್ಲ ಸುಳ್ಳು ಹೇಳಿದ್ವಿ ಅಂತಾಗುತ್ತೆ ಸಾರ್, ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ.’

ನಾನೂ ನೂರು ಎಂದೇ ಬರೆದೆ. ಇದನ್ನು ಬರೆಯಲು ಕೈ ಬರುತ್ತಿಲ್ಲ. ಬೈದು ಎರಡು ಸಾಲು ಬರಿ, ಸುಮ್ಮನಿರಬೇಡ.

ಪುಟ್ಟು


ಜೂನ್ ೮

ಪುಟ್ಟೂ,

ಬೈಯಲು ತ್ರಾಣವಿಲ್ಲ. ಹನ್ನೊಂದು ಲಕೋಟೆ, ಹನ್ನೊಂದು ನೂರು. ನಿನ್ನದನ್ನು ಕೊನೆಯಲ್ಲಿ ಒಡೆದೆ. ನಿರ್ದೇಶಕರು ಬೆನ್ನು ತಟ್ಟಿ, ‘ಎರಡು ಸಲ ವಿಚಾರಿಸಿ ನೋಡಿದ್ರಿ, ಶಹಬ್ಬಾಸ್! ಇನ್ನು ಹಸಿರೇ ಮಾಡಿಬಿಡೋಣ’ ಅಂದರು. ಹದಿನೆಂಟಕ್ಕೆ ಹಸಿರಿಗೆ ಸಹಿ ಹಾಕಬೇಕು.

ನಿನ್ನ ಹಾಳೆಗಳು ನನ್ನ ಡ್ರಾಯರಿನಲ್ಲಿವೆ, ಬೀಗ ಹಾಕಿದ್ದೇನೆ. ಹೊರಗೆ ತೆಗೆಯುವುದಿಲ್ಲ, ಚಿಂತೆ ಬಿಡು. ನೀನು ನನ್ನ ತಮ್ಮ. ಅಮ್ಮ ಹೋಗುವಾಗ ನಿನ್ನನ್ನು ನೋಡಿಕೋ ಅಂದಳೇ ಹೊರತು ಉಪಗ್ರಹ ನೋಡಿಕೋ ಅನ್ನಲಿಲ್ಲ. ಪೆನ್ಸಿಲಿನಲ್ಲಿ ಇಷ್ಟು ದಿನ ತಪ್ಪಾಗಿಲ್ಲ ಅಂದೆಯಲ್ಲ, ಈ ಒಂದು ವರ್ಷ ಹಾಗೇ ದೂಡಿಬಿಡು. ಅನುಮಾನ ಬಂದ ದಿನ ಬೇಡ ಎಂದೇ ಬರಿ.

ನನಗೆ ಸಾಕಾಗಿದೆ ಕಣೋ. ಆರು ಮಹಡಿ ಹತ್ತಿ ಬಂದು ಆ ಪಟ್ಟಿ ಬಿಚ್ಚಿದರೆ ಎಲ್ಲ ಸಾಲುಗಳೂ ಸುಳ್ಳೇನೋ ಅನ್ನಿಸುತ್ತದೆ.

ಅಕ್ಕ


ಜೂನ್ ೧೭

ಅಕ್ಕಾ,

ಹದಿಮೂರನೇ ತಾರೀಕು ಬೆಳಿಗ್ಗೆ ಎರಡು ಚಿತ್ರ ಒಟ್ಟಿಗೆ ಕೆಟ್ಟವು. ಹಿಂದಿನದರಲ್ಲಿ ಆಕಾಶ ತಿಳಿಯಾಗಿತ್ತು. ಅದನ್ನೇ ನಂಬಿ ಪೆನ್ಸಿಲ್ ಎಳೆದೆ. ಕಮಾಂಡರ್ ಕೆಳಗಿಂದ ಕೂಗಿದರು. ಅನುಮಾನ ಇತ್ತು ಅಕ್ಕ, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ತಿಂಗಳಿನಲ್ಲಿ ಹತ್ತು ದಿನ ಅನುಮಾನ ಇರುತ್ತದೆ, ಹತ್ತು ದಿನವೂ ಬೇಡ ಎಂದರೆ ಅವರು ಉಣ್ಣುವುದೇನು? ಹೂಂ ಅಂದೆ.

ಹತ್ತು ಗಂಟೆಗೆ ಕಾಲವಲ್ಲದ ಕಾಲದಲ್ಲಿ ಬಿರುಗಾಳಿ ಎದ್ದಿತು. ಉಳಿದ ದೋಣಿಗಳು ಹೇಗೋ ದಡ ಸೇರಿದವು. ಕಮಾಂಡರ್ ಮತ್ತು ಮೂವರು ಮೂವತ್ತು ಗಂಟೆ ನೀರಿನಲ್ಲಿ ಅಲೆದರು. ಕಮಾಂಡರ್ ಹೆಂಡತಿ ಬಂದು ನಮ್ಮ ಮೆಟ್ಟಿಲ ಮೇಲೆ ಕೂತರು. ಮರುದಿನ ಸಂಜೆ ಒಂದು ಸರಕು ಹಡಗು ಎಳೆದು ತಂದಿತು. ನಾಲ್ವರೂ ಬದುಕಿದ್ದಾರೆ. ಎಂಜಿನ್ ನೋಡಿಕೊಳ್ಳುವವನ ಕಾಲು ಜಜ್ಜಿಹೋಗಿದೆ, ಮೊಣಕಾಲಿನಿಂದ ಕೆಳಗೆ ತೆಗೆಯಬೇಕಂತೆ.

ಕಮಾಂಡರ್ ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು, ‘ನಿಮ್ದೇನ್ ತಪ್ಪು ಸಾರ್? ಆಕಾಶದಲ್ಲಿರೋ ಯಂತ್ರಕ್ಕೇ ಕಾಣ್ಲಿಲ್ಲ, ನಿಮಗೆ ಹೆಂಗ್ ಕಾಣುತ್ತೆ?’ ಎಂದು ನನ್ನನ್ನೇ ಸಮಾಧಾನ ಮಾಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಹಾಳೆಗಳನ್ನು ಫೈಲಿಗೆ ಹಾಕು. ಈ ಸಲ ಪ್ರತಿ ಹಾಳೆಗೂ ಸಹಿ ಮಾಡಿ ಇನ್ನೊಂದು ಪ್ರತಿ ಇಟ್ಟಿದ್ದೇನೆ. ಹದಿನೆಂಟಕ್ಕೆ ತಲುಪುವುದಿಲ್ಲ, ಆದರೂ ಹಾಕು. ಫೋನಿನಲ್ಲಿ ಇದನ್ನು ಹೇಳಲು ನನ್ನಿಂದಾಗಲಿಲ್ಲ. ನನ್ನ ಕೆಲಸ ಹೋದರೆ ಹೋಗಲಿ.

ಪುಟ್ಟು


ಜೂನ್ ೧೯

ಪುಟ್ಟೂ,

ನಿನ್ನೆಯ ಸಭೆಯಲ್ಲಿ ನಿನ್ನ ಹಾಳೆಗಳನ್ನು ಮೇಜಿನ ಮೇಲೆ ಇಟ್ಟೆ. ನಿನ್ನನ್ನು ಕೇಳಲಿಲ್ಲ. ಮಾತು ಕೊಟ್ಟು ಹತ್ತು ದಿನವಾಗಿತ್ತಷ್ಟೆ.

ಹದಿನೈದರ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿತ್ತು, ನಿನ್ನ ಬಂದರು, ಒಂದು ದೋಣಿ, ನಾಲ್ಕು ಜನ. ನಿನ್ನಿಂದ ಕಾಗದ ಬರಲಿಲ್ಲ. ನೀನು ಇದನ್ನೂ ಮುಚ್ಚಿಡುತ್ತೀಯ ಅಂದುಕೊಂಡೆ. ಸಭೆಯಲ್ಲಿ ಹಸಿರಿಗೆ ಸಹಿ ಹಾಕಲು ಪೆನ್ನು ಕೊಟ್ಟರು. ಡ್ರಾಯರಿನ ಬೀಗದ ಕೈ ನನ್ನ ಪರ್ಸಿನಲ್ಲಿತ್ತು. ಒಂದು ನಿಮಿಷ ಬಂದೆ ಎಂದು ಎದ್ದು ಹೋಗಿ ತಂದೆ. ನಿರ್ದೇಶಕರು ಓದಿ, ‘ಇವರು ಯಾರು?’ ಅಂದರು. ನನ್ನ ತಮ್ಮ ಅಂದೆ. ಕಾರಣ ಬರೆಯುವ ಜಾಗದಲ್ಲಿ, ಹಳೆಯದರ ಆಯುಸ್ಸನ್ನು ಪರೀಕ್ಷೆಯಿಲ್ಲದೆ ಮೂರು ಸಲ ಹೆಚ್ಚಿಸಿದವಳು ನಾನು ಎಂದೂ ಬರೆದೆ. ಅದನ್ನು ಯಾರೂ ಎತ್ತಿ ಓದಲಿಲ್ಲ.

ಸಾಲು ಕೆಂಪಾಯಿತು. ಮೀಸಲು ಉಪಗ್ರಹ ಇವತ್ತು ಹೊರಟಿದೆ. ನಿನ್ನ ಅಮಾನತಿನ ಆದೇಶವೂ ಇವತ್ತೇ ಟೈಪಾಗಿದೆ.

(ಜೂನ್ ೨೨) ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿದ್ದೆ, ನಿನ್ನ ಹದಿನೇಳರ ಕಾಗದ ಬಂತು. ಮೇಲಿನದನ್ನು ಹರಿದುಹಾಕಿ, ‘ನೀನು ಹೇಳಿದ ಹಾಗೆ ಹಾಕಿದೆ ಕಣೋ’ ಎಂದು ಬರೆಯಬಹುದಿತ್ತು. ಆದೇಶದ ತಾರೀಕು ನೋಡಿದರೂ ನೀನು ನಂಬುತ್ತಿದ್ದೆ. ಭಾವ ಕೂಡ ಹಾಗೇ ಮಾಡು ಅಂದರು. ಆಗಲಿಲ್ಲ. ನೀನು ಒಪ್ಪುವ ಮೊದಲೇ ನಾನು ನಿನ್ನನ್ನು ಹಿಡಿದುಕೊಟ್ಟೆ, ಅದು ನಡೆದ ಹಾಗೆಯೇ ನಿನಗೆ ಗೊತ್ತಿರಲಿ.

ಅಕ್ಕ


ಆಗಸ್ಟ್ ೧

ಅಕ್ಕಾ,

ಆರು ವಾರ ಬರೆಯಲಿಲ್ಲ. ಬರೆಯಬಾರದು ಎಂದೇ ಇದ್ದೆ. ನಾನೇ ಹೇಳಿದ್ದನ್ನು ನೀನು ಮಾಡಿದ್ದೀಯ, ಆದರೂ ಕೋಪ ಹೋಗುತ್ತಿಲ್ಲ. ಇನ್ನು ನಾಲ್ಕು ದಿನ ಕಾದಿದ್ದರೆ ನಾನಾಗಿ ಕೊಟ್ಟ ಹಾಗೆ ಇರುತ್ತಿತ್ತು. ನಾಲ್ಕು ದಿನ ಕಾದಿದ್ದರೆ ಹಸಿರಾಗಿಬಿಡುತ್ತಿತ್ತು ಎಂದೂ ಗೊತ್ತು. ಎರಡೂ ಗೊತ್ತಿದ್ದು ಸುಸ್ತಾಗಿದೆ. ವಿಚಾರಣೆ ಸೆಪ್ಟೆಂಬರಿನಲ್ಲಂತೆ. ಉಳಿದ ಹತ್ತರಲ್ಲಿ ಏಳು ಜನ ಈಗ ನಿಜವಾದ ಲೆಕ್ಕ ಕಳಿಸಿದ್ದಾರೆ ಎಂದು ಕೇಳಿದೆ. ಅಮಾನತಾದವನು ನಾನೊಬ್ಬನೇ.

ಮೀಸಲು ಉಪಗ್ರಹ ಜುಲೈ ಇಪ್ಪತ್ತನಾಲ್ಕಕ್ಕೆ ಬಂದು ನಿಂತಿತು. ಚಿತ್ರ ಎಷ್ಟು ಸ್ಪಷ್ಟವಾಗಿದೆಯೆಂದರೆ ದ್ವೀಪದ ಅಂಚೂ ಕಾಣುತ್ತದಂತೆ. ನಾನು ನೋಡಿಲ್ಲ, ಒಳಗೆ ಬಿಡುವ ಹಾಗಿಲ್ಲ. ನನ್ನ ಜಾಗಕ್ಕೆ ಒಬ್ಬ ಮೇಡಂ ಬಂದಿದ್ದಾರೆ, ಇಪ್ಪತ್ತು ವರ್ಷ ಒಳನಾಡಿನಲ್ಲಿ ಕೆಲಸ ಮಾಡಿದವರು. ನಿನ್ನೆ ತಿಂಗಳ ವರದಿ ತುಂಬುವ ದಿನ. ಹನ್ನೊಂದು ಗಂಟೆಗೆ ಫಾರಂ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ನಾನು ಬನಿಯನ್ನಿನಲ್ಲಿ ಬಾಗಿಲು ತೆರೆದೆ.

‘ಸಾರ್, ಮೀಸಲಿನದು ಬರೋಕೆ ಮುಂಚೆ ಈ ತಿಂಗಳು ನೂರ ಹದಿಮೂರು ಚಿತ್ರ ಕೆಟ್ಟಿದ್ವು. ಏನ್ ಬರೀಲಿ?’

‘ನೂರ ಹದಿಮೂರು ಅಂತ ಬರೀರಿ.’

‘ಹಾಗೆ ಬರೆದ್ರೆ ಏನಾದ್ರೂ ಆಗುತ್ತಾ?’

ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ, ಬನಿಯನ್ ಹಾಕಿಕೊಂಡು ಹೊಸ್ತಿಲಲ್ಲಿ ನಿಂತವನನ್ನು ಆಕೆ ನೋಡುತ್ತಲೇ ಇದ್ದರು. ಏನೂ ಆಗಲ್ಲ ಎನ್ನಲು ಬಾಯಿ ಬರಲಿಲ್ಲ.

‘ಆಗಬಹುದು’ ಅಂದೆ.

ಆಕೆ ನಮ್ಮ ಬಾಗಿಲಿಗೇ ಫಾರಂ ಒತ್ತಿ ಹಿಡಿದು, ನೂರ ಹದಿಮೂರು ಎಂದು ಬರೆದು, ಸಹಿ ಹಾಕಿ, ಬರ್ತೀನಿ ಸಾರ್ ಎಂದು ಹೊರಟುಹೋದರು. ಒಂದು ನಿಮಿಷದ ಕೆಲಸ ಅಕ್ಕ. ಅಷ್ಟನ್ನು ನಾನು ಆರು ತಿಂಗಳು ಮಾಡಲಾರದೆ ಹೋದೆ.

ನಿನ್ನ ತಮ್ಮ